ಹೆಸರಿನ ಜಾಗದಲ್ಲಿ ನಾಲ್ಕು ಚುಕ್ಕೆ

ಮಗಳಿಗೆ ಏಳು ವರ್ಷವಾಗಿದ್ದಾಗಿನ ಮಾತು. ಶಾಲೆ ಬಿಟ್ಟ ಮೇಲೆ, ನಾವು ಆಫೀಸಿನಿಂದ ಬರುವವರೆಗೆ ಮಕ್ಕಳನ್ನು ನೋಡಿಕೊಳ್ಳುವ ಫ್ರಿಟಿಡ್ಸ್‌ಗೆ ಆ ವರ್ಷ ಡೆನ್ಮಾರ್ಕಿನ ಟೀಚರೊಬ್ಬರು ಬಂದಿದ್ದರು. ಅವರು ಬಂದ ಮೇಲೆ ಸ್ವೀಡನ್ನಿನ ಸೋಲ್ನಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಕಾಗದದ ಚೂರು ಬೀಳದ ಮೂಲೆಯೇ ಉಳಿಯಲಿಲ್ಲ. ಕ್ರಿಸ್‌ಮಸ್‌ಗೆ ಕೆಂಪು, ಬಿಳಿ ಪಟ್ಟಿಗಳನ್ನು ಚಾಪೆಯಂತೆ ಹೆಣೆದ ಹೃದಯಗಳು, ಆಮೇಲೆ ಕಾಗದದ ನಕ್ಷತ್ರಗಳು. ಗುಡಿಸಿ ಗುಡಿಸಿ ನನಗೆ ರೋಸಿಹೋಗಿತ್ತು. ಮಾರ್ಚ್ ಕೊನೆಗೆ ಗುಟ್ಟಿನ ಓಲೆ ಶುರುವಾಯಿತು.

ಈಸ್ಟರ್‌ಗೆ ಮುಂಚೆ ಡೆನ್ಮಾರ್ಕಿನ ಮಕ್ಕಳು ಇದನ್ನು ಮಾಡುತ್ತಾರಂತೆ. ಬಿಳಿ ಹಾಳೆಯನ್ನು ಮಡಿಸಿ, ಅಲ್ಲಲ್ಲಿ ಕತ್ತರಿಸಿ, ಬಿಡಿಸಿದರೆ ಜಾಲರಿಯಾಗುತ್ತದೆ. ನಡುವೆ ಒಂದು ತುಂಟ ಪದ್ಯ, ಜೊತೆಗೆ ಹಿಮ ಕರಗುವಾಗ ಅರಳುವ ಪುಟ್ಟ ಬಿಳಿ ಹೂವು. ಕೆಳಗೆ ಸಹಿ ಹಾಕುವ ಹಾಗಿಲ್ಲ. ಹೆಸರಿನಲ್ಲಿ ಎಷ್ಟು ಅಕ್ಷರವೋ ಅಷ್ಟು ಚುಕ್ಕೆ ಇಡಬೇಕು. ಕೊಟ್ಟವರು ಯಾರೆಂದು ಮೂರು ಸಲದೊಳಗೆ ಹೇಳಲಾಗದಿದ್ದರೆ, ಓಲೆ ಪಡೆದವರು ಒಂದು ಚಾಕೊಲೇಟ್ ಮೊಟ್ಟೆ ಕೊಡಬೇಕು.

ಮಗಳು ಅದನ್ನು ಅಜ್ಜಿಗೆಂದು ಮಾಡಿದಳು.

ನನ್ನ ಅಮ್ಮ ಆಗ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಅವಳಿಗೆ ಮರೆವು ಶುರುವಾಗಿದೆ ಎಂದು ನನ್ನ ತಮ್ಮ ಫೋನಿನಲ್ಲಿ ಹೇಳಿದಾಗ ನಾನು ಅವನ ಮೇಲೆಯೇ ರೇಗಿದ್ದೆ. ವಯಸ್ಸಾದವರು ಯಾರು ತಾನೆ ಮರೆಯುವುದಿಲ್ಲ? ಇಲ್ಲಿಗೆ ಬಂದ ಮೇಲೆ ಅವಳು ಒಲೆ ಆರಿಸುವುದನ್ನು ಮರೆತಳು, ಬಚ್ಚಲ ಮನೆ ಯಾವ ಕಡೆ ಎಂದು ಕೇಳಿದಳು, ತೀರಿಹೋದ ಅಪ್ಪನಿಗೆ ಕಾಫಿ ಬೆರೆಸಿಟ್ಟಳು. ಎಲ್ಲಕ್ಕೂ ಹೊಸ ಜಾಗ, ಚಳಿ ಎಂದು ನೆಪ ಹುಡುಕಿದೆ. ಮೊಮ್ಮಗಳ ಗುರುತಿರುವ ತನಕ ಏನೂ ಆಗಿಲ್ಲ ಎಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆದರೆ ಕೆಲವು ದಿನಗಳಿಂದ ಅಮ್ಮ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಕಂದ' ಎನ್ನುತ್ತಿದ್ದಳು. ಲಿಫ್ಟಿನಲ್ಲಿ ಸಿಗುವ ಪಕ್ಕದ ಮನೆಯ ಮಗುವಿಗೂ ಅವಳು ಹಾಗೆಯೇ ಅನ್ನುತ್ತಿದ್ದಳು. ಕೇಳಿ ನೋಡಲು ನನಗೆ ಧೈರ್ಯವಿರಲಿಲ್ಲ.

ಓಲೆಯನ್ನು ನಿಮ್ಮಪ್ಪನಿಗೆ ಕೊಡು, ನನಗೆ ಕೊಡು ಎಂದು ಮಗಳನ್ನು ಪುಸಲಾಯಿಸಿದೆ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂದಾದ ಮೇಲೆ ಅಮ್ಮನ ಕಾಫಿ ಲೋಟದ ಪಕ್ಕ ಓಲೆ ಬಂದು ಕೂತಿತು. ಅಮ್ಮ ಅದನ್ನು ಬೆಳಕಿಗೆ ಹಿಡಿದು, ಎಷ್ಟು ನಾಜೂಕಾಗಿದೆ ಎಂದು ಮೆಚ್ಚಿದಳು. ಕೊಟ್ಟವರು ಯಾರೆಂದು ಹೇಳಬೇಕು ಎಂದು ನಾನು ಆಟವನ್ನು ವಿವರಿಸಿದೆ. ಅವಳು ತಲೆಯಾಡಿಸಿ, ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು, ನಾಲ್ಕು ಚುಕ್ಕೆಗಳನ್ನು ಸೇರಿಸಿ ಸುತ್ತಲೂ ಎಳೆ ಎಳೆದು ಅಂದವಾದ ರಂಗೋಲಿ ಮಾಡಿಬಿಟ್ಟಳು. ತನ್ನ ಹೆಸರು ಹಾಳಾಯಿತೆಂದು ಮಗಳು ಸ್ವೀಡಿಷಿನಲ್ಲಿ ಗೊಣಗಿದರೂ, ಕೊನೆಗೆ ನಗು ತಡೆಯಲಾರದೆ ಅಜ್ಜಿಯ ಕುರ್ಚಿಗೆ ಒರಗಿ ನಿಂತಳು.

ಅಮ್ಮ ಮೊದಲು ನನ್ನ ತಮ್ಮನ ಹೆಸರು ಹೇಳಿದಳು. ಆಮೇಲೆ, ಎಂದೋ ತೀರಿಹೋದ ತನ್ನ ಅಕ್ಕನ ಹೆಸರು. ಮಗಳ ಬೆನ್ನ ಹಿಂದೆ ನಿಂತು ಕಣ್ಣಲ್ಲಿ, ಬೆರಳಲ್ಲಿ, ಗದ್ದದಲ್ಲಿ ಅವಳನ್ನೇ ತೋರಿಸಿದೆ. ಮಗಳು ತಟ್ಟನೆ ತಿರುಗಿದಳು.

"ಅಮ್ಮ, ಫುಸ್ಕಾ ಮಾಡ್ಬೇಡ. ಹೇಳ್ಕೊಟ್ರೆ ಚೀಟಿಂಗ್."

ನಾನು ಕೈ ಕೆಳಗಿಳಿಸಿದೆ. ಇನ್ನೇನು ಮಾಡಲಿ? ಅಮ್ಮ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ನನಗೆ ಗೊತ್ತಿದ್ದ ದೇವರಿಗೆಲ್ಲ ಮೊರೆಯಿಟ್ಟೆ. ಆಮೇಲೆ ಅವಳು ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಯಾರ ಮಗುನೇ ಇದು? ಪಾಪ, ಆಗ್ಲಿಂದ ನಿಂತೇ ಇದೆ. ಕೈಗೆ ಏನಾದ್ರೂ ಕೊಟ್ಟು ಕಳ್ಸು."

ಮಗಳು ಚಪ್ಪಾಳೆ ತಟ್ಟಿ ಕುಣಿದಳು. ಅಜ್ಜಿಗೆ ಎಲ್ಲ ಗೊತ್ತು, ತನಗೆ ಮೊಟ್ಟೆ ಸಿಗಲಿ ಎಂದೇ ಗೊತ್ತಿಲ್ಲದ ಹಾಗೆ ಆಡುತ್ತಿದ್ದಾಳೆ ಎಂದು ಅವಳ ಲೆಕ್ಕ. ಅಜ್ಜಿಯಷ್ಟು ಚೆನ್ನಾಗಿ ಫ್ರಿಟಿಡ್ಸ್‌ನಲ್ಲಿ ಯಾರೂ ಆ್ಯಕ್ಟ್ ಮಾಡಲಿಲ್ಲವಂತೆ. ನಾನು ಕಪಾಟಿನಿಂದ ಚಾಕೊಲೇಟ್ ಮೊಟ್ಟೆ ತಂದು ಅಮ್ಮನ ಕೈಗಿಟ್ಟೆ. ಅವಳು ಅದನ್ನು ಮಗಳಿಗೆ ಕೊಟ್ಟು, ತಲೆ ಸವರಿದಳು.

"ತಗೋ ಕಂದ. ನಿಮ್ಮಮ್ಮಂಗೆ ನಾನು ಕೇಳ್ದೆ ಅಂತ ಹೇಳು."

ನಾನು ಲೋಟಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ. ಮಗಳು ಹಿಂದೆಯೇ ಬಂದಳು. ಆಟ ಇನ್ನೂ ನಡೆಯುತ್ತಿದೆ ಎಂದೇ ಅವಳು ತಿಳಿದಿದ್ದಳು. ಬಾಯಿ ತುಂಬ ಚಾಕೊಲೇಟು.

"ಅಮ್ಮ, ಅಜ್ಜಿ ನಿನ್ನ ಕೇಳಿದ್ಲಂತೆ."

"ಚೆನ್ನಾಗಿದೀನಿ ಅಂತ ಹೇಳು," ಎಂದೆ.