ಕೋಣೆಯೊಳಗೊಂದು ಕೋಣ

ಲೈನಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ದಾಟಿಸಿದವಳು. ಎದುರಿಗೆ ಆಳೆತ್ತರದ ಹಲಗೆ, ಹಲಗೆಯ ತುಂಬ ತೂತು, ಕೈಯಲ್ಲಿ ಪಿನ್ನು ಸಿಕ್ಕಿಸಿದ ವೈರು. ಗಂಡ ಹೆಂಡತಿ ಫೋನಿನಲ್ಲಿ ಜಗಳಕ್ಕೆ ನಿಂತರೆ ಮೂರನೆಯ ಬೈಗುಳ ಹೊರಬೀಳುವ ಮುಂಚೆಯೇ ಪಿನ್ನು ಕಿತ್ತು, "ಲೈನ್ ಕಟ್ಟಾಗಿದೆ, ಹತ್ತು ನಿಮಿಷ ಬಿಟ್ಟು ಮಾಡಿ" ಎನ್ನುತ್ತಿದ್ದಳು. ಹತ್ತು ನಿಮಿಷದಲ್ಲಿ ಸಿಟ್ಟು ಇಳಿದಿರುತ್ತಿತ್ತು. ಹೀಗೆ ಅವಳು ಉಳಿಸಿದ ಸಂಸಾರಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ತಲೆ ಎಕ್ಸ್‌ಚೇಂಜಿನ ಬಾಗಿಲಲ್ಲಿ, ಬಾಲ ಸಮುದ್ರದಲ್ಲಿ.

ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ಪ್ಲಗ್ಗುಗಳನ್ನೇ ಕಿತ್ತು ಹಾಕಿ, ಕಿತ್ತು ಹಾಕಿ ಮೂರು ಮಿಕ್ಸಿ ಸುಟ್ಟಳು. ನಾಲ್ಕನೆಯದು ಸುಡುವ ಮುಂಚೆ ಬಡಾವಣೆಯ ಸಂಘದವರು ಬಂದು, "ಅಕ್ಕಾ, ನಮ್ಮ ಮೂರು ಬೀದಿಗೆ ಅಂತ ಒಂದು ಬ್ಲಾಗ್ ಮಾಡಿದೀವಿ, ನೀವೇ ನೋಡ್ಕೊಳ್ಳಿ" ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಅವಳು ಮದುವೆಯ ಸೀರೆಯ ಮಡಿಕೆಯಲ್ಲಿಟ್ಟಳು.

ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಯಜಮಾನರು. ಅವರು ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. ಮನೆಯಲ್ಲೂ ಪಿಸುಗುಟ್ಟಿಯೇ ಮಾತಾಡುತ್ತಿದ್ದರು. ಸೀನು ಬಂದರೆ ಹಿತ್ತಲಿಗೆ ಹೋಗಿ ಸೀನಿ ಬರುತ್ತಿದ್ದರು.

ನೀರು ಬರುವ ಹೊತ್ತು, ಕಳೆದುಹೋದ ಬೆಕ್ಕು, ಮಾರಾಟಕ್ಕಿರುವ ಮಂಚ, ಎಲ್ಲವೂ ಬ್ಲಾಗಿಗೆ ಬರುತ್ತಿತ್ತು. ಲೈನಕ್ಕ ಒಂದೊಂದನ್ನೂ ಓದಿ, ತಿದ್ದಿ, ಹೊರಗೆ ಬಿಡುತ್ತಿದ್ದಳು. ಅವಳಿಗೊಂದು ಚಟವಿತ್ತು: ಇಂಗ್ಲಿಷ್ ಪದ ಕಂಡರೆ ಕೈ ತುರಿಸುತ್ತಿತ್ತು. ಯಾರೋ ಪಾಪ "ಸೀಲಿಂಗ್ ಫ್ಯಾನ್ ಮಾರಾಟಕ್ಕಿದೆ" ಎಂದು ಕಳಿಸಿದರೆ ಅದು "ಮಾಳಿಗೆಗೆ ನೇತುಬಿದ್ದು ತಿರುಗುವ ಬೀಸಣಿಗೆ"ಯಾಗಿ ಹೊರಬಿತ್ತು. ಫ್ಯಾನನ್ನು ಯಾರೂ ಕೊಳ್ಳಲಿಲ್ಲ. ಅದಾವ ಯಂತ್ರವೋ ನೋಡೋಣ ಎಂದು ಮಾತ್ರ ಅರವತ್ತು ಜನ ಹೋಗಿದ್ದರಂತೆ.

ತೊಂದರೆ ಇದ್ದದ್ದು ಪ್ರತಿಕ್ರಿಯೆಗಳಲ್ಲಿ. ಹಲ್ಲಿನ ಡಾಕ್ಟರ ಬಾಗಿಲಿಗೆ ಅಡ್ಡವಾಗಿ ಡ್ರೈವಿಂಗ್ ಸ್ಕೂಲಿನ ಮಾಸ್ತರರು ದಿನಾ ಕಾರು ನಿಲ್ಲಿಸುತ್ತಿದ್ದರು. ಇಬ್ಬರೂ ಎದುರೆದುರು ಸಿಕ್ಕಾಗ ನಮಸ್ಕಾರ, ಬ್ಲಾಗಿನಲ್ಲಿ ಕತ್ತೆ, ಕೋಣ. ಲೈನಕ್ಕ ಅಳಿಸಿದಳು. "ನನ್ನ ಮಾತು ಅಳಿಸೋಕೆ ಇವರ್‍ಯಾರು?" ಎಂದು ಇಬ್ಬರೂ ಒಟ್ಟಾಗಿ ಸಂಘಕ್ಕೆ ದೂರು ಕೊಟ್ಟರು. ಜೀವಮಾನದಲ್ಲಿ ಅವರಿಬ್ಬರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

ಸಂಘದ ಕಾರ್ಯದರ್ಶಿಗಳಿಗೆ ಇಷ್ಟು ಸಾಕಾಗಿತ್ತು. ಅವರು ಸ್ನಾನಕ್ಕೆ ಹೋಗುವಾಗಲೂ ಫೈಲು ಹಿಡಿದುಕೊಂಡು ಹೋಗುವ ಪೈಕಿ. ತಿಂಗಳ ಮೊದಲ ಭಾನುವಾರದ ಸಭೆಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಹೇಳಿದರು: "ನೋಡಮ್ಮಾ, ಯಾರ ಪ್ರತಿಕ್ರಿಯೇನೂ ಅಳಿಸಬಾರದು. ಆದರೆ ಒಂದೇ ಒಂದು ಬೈಗುಳವೂ ಕಾಣಬಾರದು. ತಿಂಗಳ ಕೊನೇ ಭಾನುವಾರದೊಳಗೆ ಒಂದು ಕಂಡರೂ ಪಾಸ್‌ವರ್ಡ್ ನನ್ನ ಕೈಗೆ. ಪ್ರತಿಕ್ರಿಯೆ ವಿಭಾಗಕ್ಕೆ ಬೀಗ. ಆಮೇಲೆ ಬರೀ ನನ್ನ ಸುತ್ತೋಲೆಗಳು."

"ಅಳಿಸಬಾರದು, ಕಾಣಲೂಬಾರದು ಅಂದ್ರೆ ಹೆಂಗೆ ಸ್ವಾಮಿ?"

"ಅದು ನಿಮಗೆ ಬಿಟ್ಟಿದ್ದು."

ಲೈನಕ್ಕ ಮನೆಗೆ ಬಂದು ಬ್ಲಾಗಿನ ಹೊಟ್ಟೆಯೊಳಗೆಲ್ಲ ಕೈಯಾಡಿಸಿದಳು. ಮೂರನೆಯ ದಿನ ಪದ ಬದಲಿಸುವ ಎರಡು ಖಾನೆಯ ಒಂದು ಪುಟ ಸಿಕ್ಕಿತು. ಎಡಗಡೆ ಒಂದು ಪದ ಹಾಕು, ಬಲಗಡೆ ಇನ್ನೊಂದು ಹಾಕು. ಯಾರು ಎಡಗಡೆಯದನ್ನು ಬರೆದರೂ ಓದುವವರಿಗೆ ಬಲಗಡೆಯದು ಕಾಣುತ್ತದೆ. ಬರೆದದ್ದು ಒಳಗೆ ಹಾಗೆಯೇ ಇರುತ್ತದೆ, ಕಾಣುವುದಷ್ಟೇ ಬೇರೆ. ಅವಳ ಕಣ್ಣಲ್ಲಿ ನೀರು ಬಂತು. ಈ ತೂತಿನಿಂದ ಕಿತ್ತು ಆ ತೂತಿಗೆ ಹಾಕುವ ಹಳೆಯ ಹಲಗೆಯೇ! ಕೂತಲ್ಲೇ ಪಟ್ಟಿ ತಯಾರಾಯಿತು. ಕತ್ತೆಗೆ ಮಹನೀಯ. ನಾಯಿಗೆ ಮಿತ್ರ. ಗೂಬೆಗೆ ಪಂಡಿತ. ಕೋಣಕ್ಕೆ ಸಜ್ಜನ.

ಮರುದಿನ ಡಾಕ್ಟರು "ಮಾಸ್ತರರೇ, ನಿಮ್ಮಂಥ ಕೋಣವನ್ನು ನಾನು ನೋಡಿಲ್ಲ" ಎಂದು ಬರೆದರು. ಮಾಸ್ತರರು ಓದಿದ್ದು "ನಿಮ್ಮಂಥ ಸಜ್ಜನವನ್ನು ನಾನು ನೋಡಿಲ್ಲ." ವ್ಯಾಕರಣ ಸ್ವಲ್ಪ ಸೊಟ್ಟಗಿದ್ದರೂ ಮಾಸ್ತರರ ಎದೆ ಕರಗಿತು. ಅಭ್ಯಾಸಬಲದಿಂದ ಅವರು ಆಗಲೇ "ನೀವು ಶುದ್ಧ ಕತ್ತೆ" ಎಂದು ಕಳಿಸಿಬಿಟ್ಟಿದ್ದರು. ಡಾಕ್ಟರು "ನೀವು ಶುದ್ಧ ಮಹನೀಯ" ಎಂದು ಓದಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯನ್ನು ಮರೆತು ಕಿಟಕಿಯಾಚೆ ನೋಡುತ್ತ ನಿಂತರಂತೆ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ವಾರ ಕಳೆಯುವುದರೊಳಗೆ ಮಾಸ್ತರರು ಕಾರನ್ನು ಎರಡು ಅಡಿ ಹಿಂದಕ್ಕೆ ನಿಲ್ಲಿಸತೊಡಗಿದರು.

ಲೈನಕ್ಕ ಇದನ್ನೆಲ್ಲ ನೋಡುತ್ತಿದ್ದದ್ದು ಒಳಗಿನ ಪುಟದಲ್ಲಿ. ಅಲ್ಲಿ ಎಲ್ಲವೂ ಬರೆದಂತೆಯೇ ಕಾಣುತ್ತಿತ್ತು. ಹೊರಗಿನ ಪುಟ ತೆರೆಯುವ ಗೋಜಿಗೆ ಅವಳು ಹೋಗಲಿಲ್ಲ. ಬೀದಿಯಲ್ಲಿ ಹುಡುಗಿಯರು "ಏಮಿತ್ರತು ಕಣೇ?" "ಏನಿಲ್ಲ, ಚೆನ್ಮಿತ್ರತು!" ಎಂದು ಮಾತಾಡಿಕೊಳ್ಳುವುದನ್ನು ಕೇಳಿ, ಈಗಿನವರ ಭಾಷೆ ಎಲ್ಲಿಗೆ ಹೋಯಿತಪ್ಪಾ ಎಂದು ನಿಟ್ಟುಸಿರಿಟ್ಟಳು, ಅಷ್ಟೆ.

ಕೊನೆಯ ವಾರ ಬಂತು. ಬುಧವಾರ ನಾಲ್ಕು ಗಂಟೆಗೆ ಎಂದಿನಂತೆ ಟೈಲರಮ್ಮ ಕಾಫಿಗೆ ಬಂದಳು. ಟೈಲರಮ್ಮ ಲೈನಕ್ಕನ ಮೂವತ್ತು ವರ್ಷದ ಗೆಳತಿ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಂದಿನಿಂದ ಒಬ್ಬ ಗಂಡಸೂ ಅವಳ ಹೊಲಿಗೆ ಮಷೀನು ದಾಟಿ ಒಳಗೆ ಬಂದಿರಲಿಲ್ಲ. ಅಳತೆ ಕೊಡಲು ಬಂದ ಗಂಡಸರಿಗೆ ಬಾಗಿಲಾಚೆಯಿಂದಲೇ ಟೇಪು ಎಸೆದು, "ನೀವೇ ಅಳೆದುಕೊಂಡು ಕೂಗಿ ಹೇಳಿ" ಎನ್ನುತ್ತಿದ್ದಳು.

"ಮೇಲಿನ ರೂಮು ಖಾಲಿ ಇದೆ. ಬ್ಲಾಗಲ್ಲಿ ಹಾಕೇ," ಎಂದು ಚೀಟಿ ಕೊಟ್ಟಳು. ಲೈನಕ್ಕನ ಕೈ ತುರಿಸಿತು. ರೂಮನ್ನೆಲ್ಲ ಕೋಣೆ ಮಾಡಿ ಹೊರಗೆ ಬಿಟ್ಟಳು.

ಗುರುವಾರ ಬೆಳಗ್ಗೆಯಿಂದ ಟೈಲರಮ್ಮನ ಮನೆಯ ಮುಂದೆ ಗಂಡಸರು. ಎಲ್ಲರೂ ಕ್ಷೌರ ಮಾಡಿಸಿಕೊಂಡವರು. ಒಬ್ಬ ಹೊಸ ಷರಟಿನ ಗುಂಡುಸೂಜಿ ತೆಗೆಯುವುದನ್ನೂ ಮರೆತಿದ್ದ. "ನೋಡೋಕೆ ಬಂದ್ವಿ," ಎಂದರು. ಟೈಲರಮ್ಮ ಹೊರಗಿನ ಮೆಟ್ಟಿಲಿನಿಂದಲೇ ಮಹಡಿಗೆ ಕರೆದೊಯ್ದು ಕಿಟಕಿ ತೋರಿಸಿದಳು, ನಲ್ಲಿ ತೋರಿಸಿದಳು. ಅವರು ಕಿಟಕಿ ನೋಡಲಿಲ್ಲ, ನಲ್ಲಿ ನೋಡಲಿಲ್ಲ. "ಇಷ್ಟೇನಾ?" ಎಂದು ಮುಖ ಸಣ್ಣಗೆ ಮಾಡಿಕೊಂಡು ಇಳಿದುಹೋದರು. ಒಬ್ಬ ಹೋಗುವಾಗ ನಾಚಿಕೊಂಡು, "ಹಳೆಯದಾದರೂ ಗಟ್ಟಿ ಅಂತ ಬರೆದಿದ್ರಲ್ಲ, ಹೆಚ್ಚು ವಯಸ್ಸೇ?" ಎಂದ. ಟೈಲರಮ್ಮನಿಗೆ ಆಗ ಅನುಮಾನ ಬಂದು ಫೋನು ತೆರೆದಳು.

ಶುಕ್ರವಾರ ಹತ್ತು ಗಂಟೆಗೆ ಕತ್ತರಿ ಹಿಡಿದುಕೊಂಡೇ ಬಂದಳು. ಫೋನನ್ನು ಲೈನಕ್ಕನ ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದಳು.

"ಓದೇ. ಗಟ್ಟಿಯಾಗಿ ಓದು."

ಲೈನಕ್ಕ ಓದಿದಳು: "ಮೊದಲ ಮಹಡಿಯಲ್ಲಿ ಒಂದು ಸಜ್ಜನೆ ಬಾಡಿಗೆಗೆ ಇದೆ. ಸಜ್ಜನೆ ಹಳೆಯದಾದರೂ ಗಟ್ಟಿಮುಟ್ಟಾಗಿದೆ. ಗಾಳಿ ಬೆಳಕು ಧಾರಾಳ. ಹಗಲು ಯಾರು ಬೇಕಾದರೂ ಬಂದು ನೋಡಬಹುದು. ಮೊದಲು ಬಂದವರಿಗೆ ಆದ್ಯತೆ. ವಿಚಾರಿಸಿ: ಟೈಲರಮ್ಮ."

"ಹದಿನಾಲ್ಕು ಜನ!" ಎಂದಳು ಟೈಲರಮ್ಮ. "ನಾನು ರೂಮು ಅಂತ ಬರ್ಕೊಟ್ಟಿದ್ದೆ!"

"ನಾನು ಕೋಣೆ ಅಂತ ಹಾಕಿದ್ದೆ! ನೋಡು, ಒಳಗೆ ಕೋಣೆ ಅಂತಾನೇ ಇದೆ. ತಡಿ, ಈಗಲೇ ಸ್ಪಷ್ಟನೆ ಹಾಕ್ತೀನಿ."

ಅವಳು ಬರೆದದ್ದು: "ಏನಾಯಿತೋ ಗೊತ್ತಿಲ್ಲ. ಟೈಲರಮ್ಮನ ಮನೆಯಲ್ಲಿ ಇರುವುದು ಕೋಣೆ, ಸಜ್ಜನೆ ಅಲ್ಲ." ಮೂರು ಬೀದಿ ಓದಿದ್ದು: "ಏಮಿತ್ರತೋ ಗೊತ್ತಿಲ್ಲ. ಟೈಲರಮ್ಮನ ಮನೆಯಲ್ಲಿ ಇರುವುದು ಸಜ್ಜನೆ, ಸಜ್ಜನೆ ಅಲ್ಲ."

ಟೈಲರಮ್ಮ ಅದನ್ನು ಓದಿ, ಕಾಫಿ ಲೋಟವನ್ನು ಮುಟ್ಟದೆ ಎದ್ದಳು. "ನಾಳೆಯಿಂದ ನಾಲ್ಕು ಗಂಟೆಗೆ ನನ್ನ ದಾರಿ ಕಾಯ್ಬೇಡ," ಎಂದು ಹೊರಟೇಹೋದಳು.

ಲೈನಕ್ಕ ಕುಸಿದು ಕೂತಳು. ಮೇಜಿನ ಆಚೆ ತುದಿಯಲ್ಲಿ ಯಜಮಾನರು ಒಂದು ಸಲ ಹೊರಗಿನ ಪುಟ ಓದಿದರು, ಒಂದು ಸಲ ಅವಳ ಪಟ್ಟಿ ಓದಿದರು. ಆಮೇಲೆ ಬಾಗಿ ಪಿಸುಗುಟ್ಟಿದರು: "ಕೋಣೆಯೊಳಗೆ ಕೋಣ ಇದೆ ಕಣೇ."

ಲೈನಕ್ಕ ಬೆಚ್ಚಿ ಎದ್ದು ಮಲಗುವ ಕೋಣೆಯತ್ತ ನೋಡಿದಳು. "ಎಲ್ಲಿಂದ ನುಗ್ತುರೀ? ಬಾಗಿಲು ಹಾಕಿದ್ನಲ್ಲ!"

"ಆ ಕೋಣೆಯೊಳಗಲ್ಲ. ಪದದೊಳಗೆ." ಅವರು ಪೆನ್ಸಿಲಿನಲ್ಲಿ 'ಕೋಣೆ' ಎಂದು ಬರೆದು, ತಲೆಯ ಮೇಲಿನ ಏತ್ವವನ್ನು ಬೆರಳಿನಿಂದ ಮುಚ್ಚಿದರು. ಕೋಣ ಉಳಿಯಿತು. 'ಏನಾಯಿತು' ಎಂದು ಬರೆದು ಎರಡು ತುದಿ ಮುಚ್ಚಿದರು. ನಡುವೆ ನಾಯಿ ಕೂತಿತ್ತು. 'ಕತ್ತೆತ್ತಿ ನೋಡು' ಎಂದು ಬರೆದರು, ಅದರಲ್ಲಿ ಕತ್ತೆ.

"ಅಯ್ಯೋ ದೇವರೇ," ಎಂದಳು ಲೈನಕ್ಕ. "ಕನ್ನಡದೊಳಗೆ ಇಷ್ಟೊಂದು ಪ್ರಾಣಿ ಇದ್ವಾ!"

ಟೈಲರಮ್ಮನ ಬಾಗಿಲಿಗೆ ಓಡಿ, "ಲೇ, ಈಗಲೇ ರೂಮು ಅಂತ ತಿದ್ದಿಬಿಡ್ತೀನಿ," ಎಂದಳು. ಒಳಗಿನಿಂದ ಮಷೀನಿನ ಸದ್ದು ನಿಂತಿತು. "ಈಗ ತಿದ್ದಿದ್ರೆ ಹೆದರಿ ತಿದ್ದಿಸಿದ್ಲು ಅಂತಾರೆ. ತಪ್ಪು ಎಲ್ಲಿಂದ ಬಂತು ಅಂತ ಮೂರು ಬೀದಿಗೂ ಗೊತ್ತಾಗ್ಬೇಕು. ಇಲ್ಲದಿದ್ರೆ ನನ್ನ ಮುಖ ನೋಡ್ಬೇಡ." ಮಷೀನು ಮತ್ತೆ ಶುರುವಾಯಿತು.

ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಪಟ್ಟಿ ತೋರಿಸಬೇಕು. ಪಟ್ಟಿ ತೋರಿಸಿದರೆ, ತಿಂಗಳಿಡೀ ಬೈಗುಳ ಬಂದದ್ದೂ ಬಯಲಾಗುತ್ತದೆ. ಕಾರ್ಯದರ್ಶಿಗಳು ಪಾಸ್‌ವರ್ಡಿಗೆ ಕೈಚಾಚಿಯೇ ನಿಂತಿದ್ದಾರೆ. ಭಾನುವಾರಕ್ಕೆ ಎರಡೇ ದಿನ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಬ್ಲಾಗು ಉಳಿಯುತ್ತಿತ್ತು.

ಶನಿವಾರ ನಾಲ್ಕು ಗಂಟೆಗೆ ಅಭ್ಯಾಸದ ಮೇಲೆ ಎರಡು ಲೋಟ ಕಾಫಿ ಸೋಸಿದಳು. ಒಂದನ್ನು ಕುಡಿದಳು. ಇನ್ನೊಂದು ಆರುವುದನ್ನು ಸ್ವಲ್ಪ ಹೊತ್ತು ನೋಡಿ, ಲ್ಯಾಪ್‌ಟಾಪು ಎಳೆದುಕೊಂಡು ಪಟ್ಟಿಯನ್ನು ಬುಡಸಮೇತ ಕಿತ್ತಳು. ಆಮೇಲೆ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು:

"ಈ ತಿಂಗಳು ಬೈಗುಳ ನಿಂತಿರಲಿಲ್ಲ, ನಾನೇ ವೇಷ ಹಾಕಿಸಿದ್ದೆ. ಪಟ್ಟಿ ಕೆಳಗಿದೆ. ಟೈಲರಮ್ಮ ಬರೆದದ್ದು ರೂಮು. ನಾನು ತಿದ್ದಿದ್ದು ಕೋಣೆ. ನೀವು ಓದಿದ್ದು ಸಜ್ಜನೆ. ತಪ್ಪು ನನ್ನದು, ಅವಳದ್ದಲ್ಲ."

ಆ ಕ್ಷಣ ಇಪ್ಪತ್ತೇಳು ದಿನದ ಬೈಗುಳಗಳೆಲ್ಲ ಒಟ್ಟಿಗೆ ಎದ್ದು ಕೂತವು. ನೂರ ನಲವತ್ತಮೂರು. ಬೀದಿಯ ಬೆಕ್ಕುಗಳು ಮರ ಹತ್ತಿದವು ಎನ್ನುತ್ತಾರೆ, ನಾನು ನೋಡಿಲ್ಲ.

ಭಾನುವಾರದ ಸಭೆಗೆ ಕೂರಲು ಜಾಗ ಸಾಲದೆ ಜನ ಕಿಟಕಿಯಲ್ಲಿ ನೇತುಬಿದ್ದಿದ್ದರು. ಡಾಕ್ಟರು, ಮಾಸ್ತರರು ಅಕ್ಕಪಕ್ಕ ಕೂತಿದ್ದರು.

"ಆ ಸಜ್ಜನ ಎಲ್ಲ ಕೋಣವಾ ಡಾಕ್ಟ್ರೇ?"

"ಹೂಂ. ಮಹನೀಯ ಎಲ್ಲ ಕತ್ತೆಯಾ?"

"ಹೂಂ. ಆದರೂ ಕಾರು ಹಿಂದಕ್ಕೆ ನಿಲ್ಲಿಸಿ ಅಭ್ಯಾಸ ಆಗೋಯ್ತು ನೋಡಿ."

ಕಾರ್ಯದರ್ಶಿಗಳು ಮೇಜು ಗುದ್ದಿದರು. "ಒಂದಲ್ಲ, ನೂರ ನಲವತ್ತಮೂರು! ಷರತ್ತಿನ ಪ್ರಕಾರ ಪಾಸ್‌ವರ್ಡ್ ಕೊಡಿ ತಾಯಿ."

ಲೈನಕ್ಕ ಎದ್ದು, ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿದಳು. ಆಗ ಬಾಗಿಲಲ್ಲಿ ಜನ ಸರಿದರು. ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದಳು.

"ಸ್ವಲ್ಪ ನಿಲ್ಲಿ ಸಾಹೇಬ್ರೇ. ನನ್ನದೊಂದು ಲೆಕ್ಕ ಬಾಕಿ ಇದೆ. ಮೊದಲು ಬಂದವರಿಗೆ ಆದ್ಯತೆ ಅಂತ ಬರೆದಿದ್ದೆ. ಗುರುವಾರ ಬಂದ ಹದಿನಾಲ್ಕು ಜನದಲ್ಲಿ ಮೊದಲು ಬಂದವರು ಯಾರು ಅಂತ ಹೇಳ್ಲಾ?"

ಕಾರ್ಯದರ್ಶಿಗಳ ಕನ್ನಡಕ ಮೂಗಿನ ತುದಿಯಿಂದ ಇನ್ನೂ ಕೆಳಗಿಳಿದು ತುಟಿಯ ಮೇಲೆ ಕೂತಿತು.

"ಬೆಳಗ್ಗೆ ಏಳೂ ಕಾಲಿಗೆ," ಎಂದಳು ಟೈಲರಮ್ಮ. "ಸೆಂಟು ಹೊಡ್ಕೊಂಡು. ಫೈಲು ಹಿಡ್ಕೊಂಡು."

"ನಾನು... ಜಾಹೀರಾತಿನ ಸತ್ಯಾಸತ್ಯತೆ ಪರಿಶೀಲಿಸಲು..."

"ನಲ್ಲಿ ತೋರಿಸಿದ್ರೆ 'ಇಷ್ಟೇನಾ' ಅಂದ್ರಲ್ಲ?"

ಎದ್ದ ನಗೆಗೆ ಸೂರಿನ ಹೆಂಚು ನಾಲ್ಕು ಜಾರಿದವು. ಕಾರ್ಯದರ್ಶಿಗಳ ಹೆಂಡತಿ ಹಿಂದಿನ ಸಾಲಿನಿಂದ ನಿಧಾನವಾಗಿ ಎದ್ದು ನಿಂತದ್ದನ್ನು ಕಂಡ ಅವರು, "ಸಭೆ ಮುಕ್ತಾಯ, ಪಾಸ್‌ವರ್ಡ್ ಇದ್ದಲ್ಲೇ ಇರಲಿ," ಎಂದು ಒಂದೇ ಉಸಿರಿನಲ್ಲಿ ಹೇಳಿ, ಫೈಲು ಮರೆತು ಹೋದರು. ಅವರು ಫೈಲು ಮರೆತದ್ದು ಅದೇ ಮೊದಲು.

ಸೋಮವಾರ ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು.

"ಏಮಿತ್ರತು ಕಾಫಿ?" ಎಂದಳು ಟೈಲರಮ್ಮ.

ಕುಡಿದು ಲೋಟ ಕೆಳಗಿಟ್ಟು, ಒಂದೇ ಒಂದು ಕೋರಿಕೆ ಮುಂದಿಟ್ಟಳು: ಬ್ಲಾಗಿನಲ್ಲಿ ಯಾರೂ ತನ್ನನ್ನು ಸಜ್ಜನೆ ಎಂದು ಛೇಡಿಸಬಾರದು. ಲೈನಕ್ಕನಿಗೆ ಗೆಳತಿಯ ಮಾತು ತೆಗೆದುಹಾಕಲಾಗಲಿಲ್ಲ. ಒಂದೇ ಒಂದು ಪಿನ್ನು ಮತ್ತೆ ಸಿಕ್ಕಿಸಿದಳು: ಎಡಗಡೆ ಸಜ್ಜನೆ, ಬಲಗಡೆ ಕೋಣೆ.

ಎಂಟು ದಿನ ತಣ್ಣಗಿತ್ತು. ಒಂಬತ್ತನೆಯ ದಿನ ಶಾಲೆಯ ದೊಡ್ಡ ಟೀಚರು ನಿವೃತ್ತರಾದರು, ಅವರ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಅಭಿನಂದನೆ ಬರೆದು ಕಳಿಸಿದರು. ಲೈನಕ್ಕ ಒಳಗಿನ ಪುಟದಲ್ಲಿ ಓದಿ, ಕಣ್ಣೊರೆಸಿಕೊಂಡು ಹೊರಗೆ ಬಿಟ್ಟಳು. ಮೂರು ಬೀದಿ ಓದಿತು: "ನಮ್ಮ ಟೀಚರಂಥ ವಿಶಾಲ ಹೃದಯದ ಕೋಣೆ ಈ ಊರಿನಲ್ಲಿ ಇನ್ನೊಂದಿಲ್ಲ."

ಸಂಜೆಯೊಳಗೆ ನಾಲ್ಕು ಜನ ಬಾಡಿಗೆ ವಿಚಾರಿಸಿಕೊಂಡು ಟೀಚರ ಮನೆಗೆ ಹೋಗಿದ್ದರು.