ಸಾಹೇಬರು ಮಾರದ ಮನೆ

ನಮ್ಮಪ್ಪನಂಥ ಸಂಭಾವಿತ ಮನುಷ್ಯ ಹರಾಜಿನಲ್ಲಿ ಮನೆ ಕೊಳ್ಳುವ ಉಸಾಬರಿಗೆ ಹೋಗಲೇಬಾರದಿತ್ತು. ಹೋದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವರು ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರರು. ನಾವಿದ್ದದ್ದು ರಾಯಚೂರಿನ ಬಾಡಿಗೆ ಮನೆಯಲ್ಲಿ, ಅಪ್ಪ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಮಹಡಿಯ ಮೇಲಿದ್ದ ಮಾಲಕಿಗೆ ಅವ್ವನ ಸಂಸಾರ ಕಾಯುವುದೇ ಉದ್ಯೋಗ. ಖಾರ ಕುಟ್ಟಿದರೆ ಆಕೆಗೆ ಸೀನು, ನಮಗೆ ನೆಂಟರು ಬಂದರೆ ಆಕೆಯ ನೀರು ಖರ್ಚು. ಅವ್ವನಿಗೆ ಇದ್ದದ್ದು ಒಂದೇ ಹಟ: ಸಣ್ಣದಿರಲಿ, ಸೋರಲಿ, ತನ್ನದು ಎನ್ನುವ ಮನೆ ಬೇಕು.

ಮಾಸ್ತರಿಕೆಯ ಸಂಬಳದಲ್ಲಿ ಅದು ಆಗುವ ಮಾತಲ್ಲ. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಕಟ್ಟದವರ ಮನೆಗಳನ್ನು ಸರಕಾರದವರು ಹರಾಜು ಹಾಕುತ್ತಾರೆ, ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಅಪ್ಪನ ಕಿವಿ ಊದಿದರು. ಮೊದಲು ದೇವದುರ್ಗಕ್ಕೆ ಹೋದರು. ಹರಾಜಿಗಿಟ್ಟ ಮನೆಯ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಬಾವಿ. ಹುಡುಕಿದಾಗ ನಾಲ್ಕೂ ಸಿಕ್ಕವು, ನಡುವೆ ಮನೆ ಇರಲಿಲ್ಲ. ಅಪ್ಪ ಗುಮಾಸ್ತನನ್ನು ಕೇಳಿದರೆ ಅವನು, "ಮನಿ ಬಿದ್ದು ಭಾಳ ದಿನ ಆತ್ರೀ. ಪಟ್ಟಿ ಮಾತ್ರ ಇನ್ನೂ ಹತ್ತಾಕತ್ತದ" ಅಂದನಂತೆ.

ಆಮೇಲೆ ಮಾನ್ವಿಯಲ್ಲೇ ಒಂದು ಮನೆ ಹರಾಜಿಗೆ ಬಂತು. ಹಗ್ಗದ ವ್ಯಾಪಾರ ಮಾಡುವ ಒಬ್ಬ ಮುದಿ ಸಾಹೇಬರದು. ಅವರಿಗೆ ದುಡ್ಡಿನ ತಾಪತ್ರಯವೇನೂ ಇರಲಿಲ್ಲ. ನಿಜಾಮರ ಕಾಲದಲ್ಲಿ ತಮ್ಮ ತಂದೆಗೆ ಮನೆಪಟ್ಟಿ ಮಾಫಿಯಾಗಿತ್ತು, ಈಗ ಕಟ್ಟಿದರೆ ಸತ್ತ ತಂದೆಯನ್ನು ಸುಳ್ಳುಗಾರ ಮಾಡಿದಂತಾಗುತ್ತದೆ ಎನ್ನುವುದು ಅವರ ತಕರಾರು. ಹೀಗಾಗಿ ವರ್ಷಕ್ಕೊಮ್ಮೆ ಸರಕಾರದವರು ಬರುತ್ತಿದ್ದರು, ಹಲಗೆ ಬಾರಿಸುತ್ತಿದ್ದರು, ಓಣಿಯ ಜನ ಕಟ್ಟೆಯ ಮೇಲೆ ಸೇರುತ್ತಿದ್ದರು. ಹರಾಜಿಗೆ ಬಂದವರಿಗೆ ಹರಾಜಾಗುವ ಮನೆಯಿಂದಲೇ ಚಹಾ ಬರುತ್ತಿತ್ತು. ಆ ಚಹಾ ಕುಡಿದು, ಮನೆಯವರ ಎದುರೇ ಅವರ ಮನೆಗೆ ಸವಾಲು ಕೂಗುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಕೊಳ್ಳುವವರಿಲ್ಲ ಎಂದು ಬರೆದುಕೊಂಡು ಸರಕಾರದವರು ಎದ್ದು ಹೋಗುತ್ತಿದ್ದರು. ಪಾಪ, ಅವರಿಗೂ ಚಹಾ ಸೇರುತ್ತಿತ್ತು.

ಅಪ್ಪನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಚಹಾ ಕುಡಿದರು, ಭಾಳ ಚಲೋ ಆಗ್ಯಾದ ಎಂದು ಹೊಗಳಿದರು, ಕಪ್ಪುಬಸಿ ಕೆಳಗಿಟ್ಟು ಸವಾಲು ಕೂಗಿದರು. ಇಡೀ ಓಣಿ ಅವರತ್ತ ತಿರುಗಿ ನೋಡಿತಂತೆ. ಹರಾಜು ಕೂಗುವವನೇ ಗಾಬರಿಬಿದ್ದು, "ಮಾಸ್ತರ, ಆರಾಮ ಅದೀರಿಲ್ರೀ?" ಎಂದು ವಿಚಾರಿಸಿದ.

ಹರಾಜಾದ ಮೇಲೂ ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳಲು ಗಡುವಿರುತ್ತದೆ. ಸಾಹೇಬರು ಕಟ್ಟಲಿಲ್ಲ, ಕಟ್ಟಿದರೆ ತಕರಾರು ಬಿಟ್ಟುಕೊಟ್ಟಂತೆ. ಮನೆ ಅಪ್ಪನ ಹೆಸರಿಗೆ ಆಯಿತು. ಅಪ್ಪ ಮನೆ ಖಾಲಿ ಮಾಡಿಸಲು ಹೋದ ದಿನ ಸಾಹೇಬರು ಕೈಹಿಡಿದು ಒಳಗೆ ಕರೆದರು.

"ಬರ್ರಿ ಮಾಸ್ತರ, ಕುಂದರ್ರಿ. ನೀವು ಮನಿ ಕೊಂಡೀರಿ, ಖರೇ ಅದ. ನಾನು ಮಾರಿಲ್ಲ, ಅದೂ ಖರೇ ಅದ. ಇಬ್ಬರದೂ ತಪ್ಪಿಲ್ಲ."

ಅಪ್ಪ ತಾಟಿನ ಮುಂದೆ ಕೂತರು. ಊಟ ಮಾಡಿಕೊಂಡು ಬಂದರು. ಉಂಡ ಮನೆಯವರಿಗೆ ಹೊರಗೆ ನಡೆಯಿರಿ ಎನ್ನುವುದು ಹೇಗೆ? ಮುಂದಿನ ವಾರ ಹೋದರೆ ಮತ್ತೆ ಊಟ. ಮಳೆಗಾಲದಲ್ಲಿ ಮಾಳಿಗೆ ಸೋರಿದಾಗ ಸಾಹೇಬರು, "ಮಾಲೀಕರು ನೀವು, ಜರಾ ನೋಡ್ರಿ" ಎಂದು ಶಾಲೆಗೇ ಹೇಳಿಕಳಿಸಿದರು. ಅಪ್ಪ ಆಳು ಹಚ್ಚಿ ಮಣ್ಣು ಹಾಕಿಸಿದರು. ರಾಯಚೂರಿನಲ್ಲಿ ನಮ್ಮ ಬಾಡಿಗೆ ಮನೆ ಸೋರುತ್ತಿತ್ತು, ಅದನ್ನು ಕೇಳುವವರಿಲ್ಲ. ಆ ರಾತ್ರಿ ಪಾತ್ರೆಗಳನ್ನು ಹನಿಯ ಕೆಳಗೆ ಇಡುತ್ತ ಅವ್ವ ಅಪ್ಪನಿಗೆ ಅಂದ ಮಾತುಗಳನ್ನು ಬರೆಯಲು ನನಗೆ ಸಂಕೋಚ.

ಹೀಗೇ ಕೆಲವು ವರ್ಷ ಕಳೆದವು. ಒಂದು ಬೇಸಿಗೆ ಅವ್ವ ನನ್ನ ಕೈಹಿಡಿದು ಮಾನ್ವಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಅಣಿಮಾಡಿಕೊಳ್ಳುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಸಾಹೇಬರು ಅಂಗಡಿಗೆ ಹೋಗಿದ್ದರು. ಅವರ ಹೆಂಡತಿ ಬೀಬಿ ಬಾಗಿಲು ತೆರೆದಳು. ಅವ್ವ ತಾನು ಯಾರೆಂದು ಹೇಳಿದ್ದೇ ತಡ, ಬೀಬಿ ಅವಳ ರಟ್ಟೆ ಹಿಡಿದು ಒಳಗೆ ಎಳೆದು ಅಗಳಿ ಹಾಕಿದಳು.

"ಎಷ್ಟ್ ದಿನ ಕಾಯಸ್ತೀರಿ ಯವ್ವಾ? ನಿಮ್ಮನಿಯವ್ರು ಸವಾಲು ಕೂಗಿದ ದಿನ ನಾನು ಒಳಗ ಕೈ ಎತ್ತಿ ದುವಾ ಕೇಳ್ದೆ. ಅವರು ಬಂದ್ ಬಂದ್ ಉಂಡು ಹೋಗಾಕತ್ತಾರ."

ಅವ್ವನ ಬೈಗುಳ ಬಾಯಲ್ಲೇ ಉಳಿಯಿತು. ಬೀಬಿ ಮನೆಯ ದೋಷಗಳನ್ನೆಲ್ಲ ಹೇಳಿದಳು. ಅಡುಗೆಮನೆಗೆ ಕಿಟಕಿಯಿಲ್ಲ, ಹೊಗೆಯಿಂದ ಕಣ್ಣು ಹೋದವು. ನೀರಿಗೆ ಓಣಿ ದಾಟಬೇಕು. ಊರಾಚೆ ಮಗ ಹೊಸ ಮನೆ ಕಟ್ಟಿದ್ದಾನೆ, ನಲ್ಲಿಯಿದೆ, ಗಾಳಿಯಿದೆ. ಆದರೆ ಸಾಹೇಬರು ತಮ್ಮ ತಂದೆಯ ಮನೆ ಬಿಟ್ಟು ಏಳುವುದಿಲ್ಲ. ಒಬ್ಬ ಎಬ್ಬಿಸಲೊಲ್ಲ, ಒಬ್ಬ ಏಳಲೊಲ್ಲ, ಇಬ್ಬರೂ ದೊಡ್ಡ ಮನುಷ್ಯರು. ಗಂಡಸರ ಸಭ್ಯತೆಯನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಿಟಕಿಯಿಲ್ಲದ ಆ ಅಡುಗೆಮನೆಯ ಗೋಡೆಯನ್ನು ಅವ್ವ ಕೈಯಿಂದ ಸವರಿದಳು. "ಇರ್ಲಿ ಬಿಡ್ರಿ," ಅಂದಳು, "ನನ್ನ ಮನಿ, ನಾ ಒಡದು ಕಿಟಕಿ ಇಡಸ್ತೀನಿ."

ಅಲ್ಲೇ ಕೂತು ಇಬ್ಬರೂ ದಿನ ಗೊತ್ತುಮಾಡಿದರು. ಆ ದಿನ ನಾವು ಸಾಮಾನು ಕಟ್ಟಿಕೊಂಡು ಹೋದಾಗ ಬೀಬಿಯ ಬಂಡಿ ತುಂಬಿ ನಿಂತಿತ್ತು. ಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು, ಅಪ್ಪ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು.

"ನಾನು ಮನಿ ಮಾರಿಲ್ಲ," ಅಂದರು ಸಾಹೇಬರು.

"ಮಾರಬ್ಯಾಡ್ರಿ," ಅಂದಳು ಬೀಬಿ. "ಬಂಡಿ ಹತ್ರಿ."

ಸಾಹೇಬರು ಸ್ವಲ್ಪ ಹೊತ್ತು ಬಾಗಿಲನ್ನು ನೋಡಿದರು. ಆಮೇಲೆ ಅಪ್ಪನ ಹೆಗಲ ಮೇಲೆ ಕೈಯೂರಿ ಎದ್ದು ಬಂಡಿ ಹತ್ತಿದರು. ಅದನ್ನು ನೋಡಿ, ಇಷ್ಟು ವರ್ಷ ಈ ಮನೆಗಾಗಿ ಗೋಳಾಡಿದ ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಬೀಬಿ ಬಂಡಿಯಿಂದ ಬಗ್ಗಿ ಅವಳ ತಲೆ ಸವರಿದಳು.

"ನೀ ಯಾಕ ಅಳ್ತಿ ಯವ್ವಾ? ಮದಿವ್ಯಾಗಿ ಈ ಮನಿಗಿ ಬಂದ ದಿನ ನಾ ಅತ್ತೀನಿ. ಅವತ್ತ ಯಾರೂ ಕೇಳಲಿಲ್ಲ."