ಅಕ್ಕ ಇಟ್ಟ ಕೆಂಪು ಚುಕ್ಕಿ

ಮಕ್ಕಳಾ, ನಾನು ಚಿಕ್ಕವಳಿದ್ದಾಗ ಕಾರು ಅಂದರೆ, ನಿಮ್ಮ ಹಾಗೆ ಒಳಗೆ ಕೂತು 'ಎಸಿ ಹಾಕಿ' ಎಂದು ಕೂಗುವ ವಸ್ತುವಾಗಿರಲಿಲ್ಲ. ಅದು ನಮ್ಮ ಮನೆಯ ಅನ್ನ. ಮಲ್ಲಿಪಟ್ಟಣದ ಆಚೆ ಇದ್ದ ನಮ್ಮ ಊರಿಗೆಲ್ಲ ಅಪ್ಪನ ಹಳೆಯ ಬಾಡಿಗೆ ಕಾರು ಒಂದೇ. ಮದುವೆಯವರನ್ನು ಅರಕಲಗೂಡಿಗೆ, ಹೊಳೆನರಸೀಪುರಕ್ಕೆ ಒಯ್ಯುತ್ತಿದ್ದುದು ಅದೇ, ಕಾಯಿಲೆಯವರನ್ನು ಹಾಸನದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದೂ ಅದೇ. ಕೆಟ್ಟರೆ ರಿಪೇರಿಯೂ ಅಪ್ಪನೇ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಇಂಜಿನ್ನಿನ ಮುಂಭಾಗ ಬಿಚ್ಚಿಕೊಂಡು ಕೂತಿದ್ದ. ಒಳಗೆ ಹಲ್ಲಿನ ಎರಡು ಚಕ್ರ, ನಡುವೆ ಒಂದು ಚೈನು. ಮೇಲಿನ ದೊಡ್ಡ ಚಕ್ರ ಕ್ಯಾಮ್ ಶಾಫ್ಟಿನದು. ಇಂಜಿನ್ನಿಗೆ ಪೆಟ್ರೋಲು ಗಾಳಿ ಬರುವ ಬಾಗಿಲು, ಹೊಗೆ ಹೋಗುವ ಬಾಗಿಲು ಇರುತ್ತವಲ್ಲ, ಅವನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ಅದರ ಕೆಲಸ. ಏನಪ್ಪಾ ಇದು ಎಂದು ಕೇಳಿದ್ದಕ್ಕೆ ಅಪ್ಪ, "ಉಣ್ಣೋ ಒತ್ಗೆ ಬಾಯಿ ತೆಗೀಬೇಕು, ಅಗಿಯೋ ಒತ್ಗೆ ಮುಚ್ಬೇಕು ಕಣವ್ವ. ಇಂಜಿನ್ನೂ ಅಂಗೇಯ" ಎಂದ.

ಎರಡು ಚಕ್ರಕ್ಕೂ ಒಂದೊಂದು ಚುಕ್ಕಿ ಇರುತ್ತದೆ. ಚುಕ್ಕಿ ಚುಕ್ಕಿ ಎದುರುಬದುರು ಬರುವ ಹಾಗೆ ಚೈನು ಕೂಡಿಸಬೇಕು. ಒಂದು ಹಲ್ಲು ಆಚೀಚೆಯಾದರೂ ಆ ಬಾಗಿಲುಗಳ ಹೊತ್ತು ತಪ್ಪುತ್ತದೆ. ಸವೆದ ಮೇಲಿನ ಚಕ್ರದ ಬದಲಿಗೆ ಅಪ್ಪ ಹಾಸನದ ಗುಜರಿಯಿಂದ ಬೇರೊಂದನ್ನು ತಂದಿದ್ದ. ಅದರಲ್ಲಿ ಚುಕ್ಕಿಯೇ ಇರಲಿಲ್ಲ. ಹಳೆಯದರ ಪಕ್ಕ ಇಟ್ಟು, ಹಲ್ಲಿಗೆ ಹಲ್ಲು ಹೊಂದಿಸಿ ನೋಡಿ, ಕೆಂಪು ಬಣ್ಣದಲ್ಲಿ ತಾನೇ ಒಂದು ಚುಕ್ಕಿ ಇಟ್ಟ. ಕತ್ತಲಾಯಿತು, ಹಬ್ಬ ಕಳೆದ ಮೇಲೆ ಕೂಡಿಸಿದರಾಯಿತು ಎಂದು ಎದ್ದ.

ಬೆಳಿಗ್ಗೆ ಸಾಮಾನು ತೊಳೆದು ಪೂಜೆಗೆ ಇಡುವುದು ಅಕ್ಕನ ಪಾಲಿನ ಕೆಲಸ. ಸ್ಪ್ಯಾನರು, ಜಾಕು, ಗುಜರಿಯಿಂದ ತಂದ ಆ ಚಕ್ರ, ಎಲ್ಲವನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಫಳಫಳ ಮಾಡಿದಳು. ಚಕ್ರದ ಮೇಲಿನ ಕೆಂಪನ್ನು ಕಂಡು, ಯಾವುದೋ ಗ್ಯಾರೇಜಿನವರು ಹೋದ ವರ್ಷ ಇಟ್ಟ ಕುಂಕುಮ ಎಂದುಕೊಂಡಳು. ಅದನ್ನು ಉಜ್ಜಿ ತೆಗೆದು, ಅಲ್ಲೇ ಒಂಚೂರು ಪಕ್ಕಕ್ಕೆ ಹೊಸ ಕುಂಕುಮ ಇಟ್ಟಳು. ಸಾಂಬ್ರಾಣಿ ಹೊಗೆ, ಸೇವಂತಿಗೆ ವಾಸನೆ, ಬೂದುಗುಂಬಳಕಾಯಿ, ಕಡುಬು. ಎಷ್ಟು ಚೆನ್ನಾಗಿತ್ತು ಅಂತೀರಿ ಆ ಬೆಳಿಗ್ಗೆ!

ಸಂಜೆಗೆ ಮುಂಚೆ ಅಮ್ಮ ಬಾಳೆಕಂದು ಕಡಿಯಲು ಹಿತ್ತಲಿಗೆ ಹೋದಳು. ಬುಡದಲ್ಲಿದ್ದ ನಾಗರಹಾವು ಕಾಲಿಗೆ ಕಚ್ಚಿತು.

ಬಸ್ಸುಗಳೆಲ್ಲ ಪೂಜೆ ಮಾಡಿಸಿಕೊಂಡು ನಿಂತಿದ್ದವು. ಅಪ್ಪ ದೇವರ ಮುಂದಿನಿಂದ ಸ್ಪ್ಯಾನರುಗಳನ್ನು ಬಾಚಿಕೊಂಡ. ನನ್ನ ಅಜ್ಜಿ, ಅಪ್ಪನ ಅವ್ವ, ಅಡ್ಡ ಬಂದಳು. "ಪೂಜೆಗಿಟ್ಟಿದ್ದು ಕಣ್ಲಾ, ನಾಳೆಗಂಟ ಮುಟ್ಬ್ಯಾಡ!"

"ನಾಳೆಗಂಟ ಇವ್ಳು ಇರ್ಬೇಕಲ್ಲವ್ವಾ!"

ಚಕ್ರ ಬೇಗ ಕೂತಿತು. ಎಣ್ಣೆಗೆ ಅಂಟಿದ್ದ ಕುಂಕುಮ ಅಪ್ಪನ ಕಣ್ಣಿಗೆ ತಾನಿಟ್ಟ ಬಣ್ಣದ ಹಾಗೇ ಕಂಡಿತು. ಅದಕ್ಕೇ ಸರಿಹೊಂದಿಸಿ ಚೈನು ಹಾಕಿದ. ಕಾರು ಹೊರಟಿತು, ಆದರೆ ಕೆಮ್ಮುತ್ತ. ಏರು ಬಂದಾಗ ಎಳೆಯಲೇ ಇಲ್ಲ. ಸೈಲೆನ್ಸರಿನಲ್ಲಿ ಡಬ್ ಡಬ್ ಎಂದು ಹೊಡೆದುಕೊಂಡು, ಬಾನೆಟ್ಟಿನಿಂದ ಹಬೆ ಎದ್ದು ನಿಂತುಹೋಯಿತು. "ಚುಕ್ಕಿ ಕೂಡಿಸಿದ್ನಲ್ಲಾ, ಸರ್ಯಾಗೇ ಕೂಡಿಸಿದ್ನಲ್ಲಾ" ಎಂದು ಅಪ್ಪ ಸ್ಟೇರಿಂಗ್ ಗುದ್ದುತ್ತಿದ್ದ. ಅಮ್ಮನ ರೆಪ್ಪೆ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಹೂವಿನ ಹಾರ ಹಾಕಿದ್ದ ಲಾರಿಯೊಂದು ಬಂದು ನಮ್ಮನ್ನು ಹತ್ತಿಸಿಕೊಂಡಿತು. ಹಾಸನ ಮುಟ್ಟುವ ಮೊದಲೇ ಅಮ್ಮ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದ ಮೇಲೆ ಅಪ್ಪ ಇಂಜಿನ್ ಬಿಚ್ಚಿದ. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಚುಕ್ಕಿಯನ್ನು ಬೆರಳಿಂದ ಸವರಿದ. ಅದು ಹರಡಿತು. ಮೂಸಿ ನೋಡಿದ, ಕುಂಕುಮ. ನೆಲದ ಮೇಲೆ ಕೂತ. ಆಮೇಲೆ ಪಂಚೆಯ ತುದಿಯಿಂದ ಒರೆಸಿ, "ನಿಮ್ಮಕ್ಕಂಗೆ ಇದ್ನ ಯೋಳ್ಬ್ಯಾಡ ಕಣವ್ವ. ಅದಿನ್ನೂ ಮಗು" ಎಂದ.

ಊರಿನ ಬಾಯಿಗೆ ಬೀಗ ಉಂಟೇ? ಪೂಜೆಗಿಟ್ಟ ಆಯುಧ ಮುಟ್ಟಿ ಹೆಂಡತಿಯನ್ನು ತಿಂದುಕೊಂಡ ಎಂದರು. ಅಪ್ಪ "ಊಂ, ಮುಟ್ಟಿದ್ದು ನಾನೇಯ" ಎಂದು ಒಪ್ಪಿಕೊಂಡ. ಅವನ ಕಾರನ್ನು ಶುಭಕಾರ್ಯಕ್ಕೆ ಯಾರೂ ಕರೆಯಲಿಲ್ಲ. ಅದನ್ನು ಮಾರಿ, ಸಾಯುವವರೆಗೂ ಬೇರೆಯವರ ಲಾರಿ ಓಡಿಸಿದ. ನನಗೆ ಈಗಲೂ ಆ ಜನರ ಮೇಲೆ ಸಿಟ್ಟಿದೆ.

ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಹೋದ ವರ್ಷ ತೀರಿಕೊಳ್ಳುವ ಮೊದಲು ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು. "ಆ ಸೀಮೆಎಣ್ಣೆ ಬಟ್ಟೇನ ಎಷ್ಟು ಒಗುದ್ರೂ ಕೆಂಪು ಓಗ್ನಿಲ್ಲ ಕಣೇ. ಕುಂಕುಮ ಆಗಿದ್ರೆ ಓಗ್ತಿತ್ತು. ಅದು ಅಪ್ಪ ಇಟ್ಟಿದ್ ಬಣ್ಣ ಅಂತ ಅವತ್ತೇ ಗೊತ್ತಾಯ್ತು. ಸದ್ಯ, ಅಪ್ಪಂಗೆ ತಿಳೀದಂಗೇ ಓಯ್ತಲ್ಲ, ಅಷ್ಟು ಸಾಕು." ನಾನು ಆಗಲೂ ಬಾಯಿ ಬಿಡಲಿಲ್ಲ.

ಈಗ ನಿಮ್ಮ ಕಾರಿನಲ್ಲಿ ಇಂಜಿನ್ ಒಂಚೂರು ತಪ್ಪಿದರೂ ಮುಂದೆ ಹಳದಿ ದೀಪ ಹತ್ತುತ್ತದೆ. ಫೋನು ಮಾಡಿದರೆ ಆಂಬುಲೆನ್ಸು ಬಾಗಿಲಿಗೇ ಬರುತ್ತದೆ. ನಮ್ಮ ಕಾರಿನಲ್ಲಿ ಅಂಥ ದೀಪ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಒಂದೇ ಸೂರಿನ ಕೆಳಗೆ ಮೂರು ಜನ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಬದುಕಿದೆವು. ಮಕ್ಕಳಾ, ನಿಮ್ಮ ಕೈಯಲ್ಲಿ ಏನಾದರೂ ಕೆಟ್ಟರೆ ನನ್ನ ಹತ್ತಿರ ಬಂದು ಹೇಳಿಬಿಡಿ. ನಾನು ಬೈಯುವುದಿಲ್ಲ.